ಆಡು ಮುಟ್ಟಿದ ಜೀನ್ಸು

ಗವಿಸಿದ್ದೇಶನಿಗೆ ಸೀಟು ಸಿಕ್ಕಿದ್ದೇ ತಪ್ಪಾಯಿತು. ಸಿಗದಿದ್ದರೆ ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ ಜೇಬಿನ ಡಿಸೈನು ಬರೆದುಕೊಂಡು, ಮಧ್ಯಾಹ್ನ ಮಿರ್ಚಿ ತಿಂದುಕೊಂಡು ಸುಖವಾಗಿರುತ್ತಿದ್ದ. ಹೈದರಾಬಾದಿನ ಕಾಲೇಜೊಂದು ಡಿಸೈನಿನಲ್ಲಿ ಮಾಸ್ಟರ್ಸ್ ಡಿಗ್ರಿ ಮಾಡಲು ಕರೆದಿತ್ತು. ಬರುತ್ತೀಯೋ ಇಲ್ಲವೋ, ಇವತ್ತು ಸಂಜೆ ಐದರೊಳಗೆ ಹೇಳಬೇಕು. ಓದಿದರೆ ದೊಡ್ಡ ಡಿಸೈನರ್ ಆಗಬಹುದು. ಆದರೆ ಓದಲು ಹೋದರೆ ಇರುವ ಕೆಲಸ ಹೋಗುತ್ತದೆ.

ಕಟಿಂಗ್ ಮಾಸ್ಟರ್ ಪಂಪಣ್ಣ ಕೇಳದೆಯೇ ಸಲಹೆ ಕೊಟ್ಟ.

"ಲೇ ಗವಿ, ಡಿಗ್ರಿ ಮಾಡಿದ್ರ ಪ್ಯಾಂಟಿಗೆ ಮೂರನೇ ಕಾಲು ಬರ್ತೈತೇನು? ನಾ ಏಳನೇತ್ತಕ್ಕ ಸಾಲಿ ಬಿಟ್ಟೀನಿ. ಇವತ್ತಿಗೂ ಎರಡೇ ಕಾಲು ಕತ್ತರಸ್ತೀನಿ."

ಇಸ್ತ್ರಿ ಮಾಡುವ ಮಂಜಮ್ಮ ಬಿಡಲಿಲ್ಲ. "ಹೋಗಪ್ಪಾ ನೀನು. ಮದಿವಿ ಕಾರ್ಡಿನಾಗ ಹೆಸರು ಉದ್ದಕ ಕಾಣ್ತೈತಿ."

ಗವಿಸಿದ್ದೇಶನ ತಲೆ ಇನ್ನಷ್ಟು ಕೆಟ್ಟಿತು. ಆ ಕಾಲೇಜಿನಲ್ಲಿ ಓದಿದವನೊಬ್ಬನಿಗೆ ಫೋನು ಹಚ್ಚಿ ಅಂಗಳದಲ್ಲಿ ನಿಂತ. ಪಕ್ಕದ ತಂತಿಯ ಮೇಲೆ ಸ್ಯಾಂಪಲ್ ಪ್ಯಾಂಟು ಒಣಗುತ್ತಿತ್ತು. ಮೂರು ಗಂಟೆಗೆ ಮುಂಬೈ ವ್ಯಾಪಾರಿ ನೋಡಲು ಬರುವವನಿದ್ದ. ಅಲ್ಲಿಯವರೆಗೆ ಪ್ಯಾಂಟು ಕಾಯುವುದಷ್ಟೇ ಇವನ ಕೆಲಸ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಎದುರುಮನೆ ಗಂಗಕ್ಕನ ಆಡು ಸೊಪ್ಪೆಲ್ಲ ಮುಗಿಸಿ ಜೀನ್ಸಿಗೆ ಬಂದಿತ್ತು. ಇವನು ಫೋನಿಟ್ಟು ತಿರುಗುವಷ್ಟರಲ್ಲಿ ಒಂದು ಮಂಡಿ, ಅರ್ಧ ಜೇಬು, ಬಲಗಾಲಿನ ಅಂಚು ಅದರ ಹೊಟ್ಟೆ ಸೇರಿದ್ದವು.

"ಯಪ್ಪಾ, ಸತ್ನೆಪಾ!"

ಆಡನ್ನು ಓಡಿಸಿದ್ದೇ ತಡ, ಮಾಲೀಕ ಚಿದಾನಂದಪ್ಪ ವ್ಯಾಪಾರಿಯನ್ನು ಕರೆದುಕೊಂಡು ಬಂದೇ ಬಿಟ್ಟರು. ವ್ಯಾಪಾರಿ ಪ್ಯಾಂಟನ್ನು ಎತ್ತಿ ಹಿಡಿದ, ತಿರುಗಿಸಿದ, ಹರಿದ ಮಂಡಿಯನ್ನು ಮಗುವಿನ ಕೆನ್ನೆಯಂತೆ ಸವರಿದ. ಫೋಟೋ ಹೊಡೆದು, ಕಾರ್ಖಾನೆಯ ಹೆಸರು ಹಾಕಿ ಲೋಕಕ್ಕೆಲ್ಲ ಕಳಿಸಿದ. ಎರಡು ಸಾವಿರ ಪ್ಯಾಂಟು ಬೇಕೆಂದ.

ಚಿದಾನಂದಪ್ಪ ಗವಿಸಿದ್ದೇಶನನ್ನು ತಬ್ಬಿಕೊಂಡರು. "ಹುಲಿ ಅದೀಯಲೇ ನೀನು! ಇವತ್ತಿಂದ ನೀನೇ ಹೆಡ್ ಡಿಸೈನರ್. ಎದಕ್ಕ ಬೇಕಲೇ ನಿನಗ ಆ ಕಾಲೇಜು?"

ಗವಿಸಿದ್ದೇಶ ಆಡಿನ ವಿಷಯ ಹೇಳಲು ಬಾಯಿ ತೆರೆದಿದ್ದ. 'ಹೆಡ್' ಎಂದು ಕೇಳಿಸಿದ ಕೂಡಲೇ ಮುಚ್ಚಿಕೊಂಡ. ನಾಲ್ಕೂವರೆಗೆ ಕಾಲೇಜಿಗೆ 'ಬರುವುದಿಲ್ಲ' ಎಂದು ಬರೆದು ಕಳಿಸಿದ. ಎದೆ ಹಗುರಾಯಿತು.

ಹೊರಡುವ ಮುಂಚೆ ವ್ಯಾಪಾರಿ, ಅಂಥದ್ದೇ ಇನ್ನೊಂದು ಮಾಡಿ ತೋರಿಸಿ ಎಂದ. ಹೆಡ್ ಡಿಸೈನರ್ ಕತ್ತರಿ ಹಿಡಿದ, ಕಲ್ಲಿನಿಂದ ತಿಕ್ಕಿದ, ಕೊನೆಗೆ ಬಾಗಿಲು ಹಾಕಿಕೊಂಡು ಹಲ್ಲಿನಿಂದಲೂ ಕಚ್ಚಿದ. ವ್ಯಾಪಾರಿ ತಲೆ ಅಲ್ಲಾಡಿಸಿದ.

"ಇದು ಬರೀ ಕಸರತ್ತು. ಅದರಲ್ಲಿ ಹಸಿವಿತ್ತು."

ಆ ಹೊತ್ತಿಗೇ ಗಂಗಕ್ಕ ಆಡನ್ನು ಎಳೆದುಕೊಂಡು ಒಳಗೆ ಬಂದಳು. "ಅಲ್ರೀ ಸಾವ್ಕಾರ್ರ, ನಿಮ್ಮ ಪ್ಯಾಂಟು ತಿಂದಾಗಿಂದ ಇದು ಹುಲ್ಲು ಮೂಸಿ ನೋಡವಲ್ದು. ಇನ್ನ ಇದನ್ನ ಯಾರು ಸಾಕೋರ್ರಿ?"

ಎಲ್ಲರೂ ಗವಿಸಿದ್ದೇಶನ ಮುಖ ನೋಡಿದರು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚಿದಾನಂದಪ್ಪ ಮಾತ್ರ ಬೈಯಲಿಲ್ಲ. ಹೊಸ ಪ್ಯಾಂಟೊಂದನ್ನು ಆಡಿನ ಮುಂದೆ ಹಿಡಿದರು. ಅದು ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿತು. ವ್ಯಾಪಾರಿ ಚಪ್ಪಾಳೆ ತಟ್ಟಿದ.

"ಗಂಗಕ್ಕ, ನಿನ್ನ ಆಡಿಗೆ ನೌಕ್ರಿ ಕೊಡ್ತೀನಿ," ಎಂದರು ಚಿದಾನಂದಪ್ಪ. "ಹೆಡ್ ಡಿಸೈನರ್!"

"ಅದು ಏನೂ ಓದಿಲ್ರಿ."

"ಓದಿಲ್ಲಂದ್ರ ಏನಾತು? ಅನುಭವ ಐತಲ್ಲ! ಲೇ ಗವಿ, ನೀ ಇದರ ಅಸಿಸ್ಟಂಟು. ದಿನಾ ಪ್ಯಾಂಟು ಹಿಡಕೊಂಡು ಮುಂದ ನಿಂದ್ರು."

ಐದೂ ಹತ್ತಕ್ಕೆ ಗವಿಸಿದ್ದೇಶ ಕಾಲೇಜಿಗೆ ಫೋನು ಹಚ್ಚಿದ. "ಮೇಡಂ, ತಪ್ಪಾತ್ರಿ. ನಾ ಬರ್ತೀನ್ರಿ."

ಮೇಡಂ ತೆಲುಗಿನಲ್ಲಿ ಉತ್ತರಿಸಿದರು. ಬಳ್ಳಾರಿಯಲ್ಲಿ ತೆಲುಗು ಯಾರಿಗೆ ತಿಳಿಯುವುದಿಲ್ಲ? ಸೀಟು ಬೇರೆಯವರಿಗೆ ಹೋಗಿದೆ, ಆದರೆ ನೀವು ಫೋನು ಮಾಡಿದ್ದು ಒಳ್ಳೆಯದೇ ಆಯಿತು ಅಂದರು. ನಿಮ್ಮ ಕಾರ್ಖಾನೆಯ ಪ್ಯಾಂಟಿನ ಫೋಟೋ ನೋಡಿ ಕಾಲೇಜಿಗೆ ಕಾಲೇಜೇ ಬೆರಗಾಗಿದೆ. ಆ ಡಿಸೈನರ್ ನಮ್ಮ ಹೊಸ ಬ್ಯಾಚಿಗೆ ಮೊದಲ ಪಾಠ ಮಾಡಲೇಬೇಕು, ದಯವಿಟ್ಟು ನೀವೇ ಜೊತೆಗಿದ್ದು ಕರೆತನ್ನಿ ಎಂದರು.

ಗವಿಸಿದ್ದೇಶ ಆಡಿನ ಕಡೆ ನೋಡಿದ. ಅದು ಇವನ ಅಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡಿತ್ತು.

"ಕರಕೊಂಡು ಬರ್ತೀನ್ರಿ ಮೇಡಂ," ಎಂದ. "ನಿಮ್ಮ ಗೆಸ್ಟ್ ಹೌಸಿನಾಗ ಹಗ್ಗ ಕಟ್ಟಾಕ ಗೂಟ ಐತೇನ್ರಿ?"