ಬಿದ್ದಲ್ಲೇ ನಿಲ್ಲೋ ಚೆಂಡು, ಸೊರಬದ ಬೀಗರು

ಇದನ್ನು ಬಾಯಿಬಿಟ್ಟು ಓದಬೇಡಿ, ಮನಸ್ಸಲ್ಲೇ ಓದಿಕೊಳ್ಳಿ. ಪಕ್ಕದ ಮನೆಗೂ ನಮಗೂ ನಡುವೆ ಇರೋದು ಒಂದೇ ಒಂದು ಮೋಟು ಗೋಡೆ. ಮೊದಲು ಆಣೆ ಮಾಡಿ, ಯಾರಿಗೂ ಹೇಳಲ್ಲ ಅಂತ. ಮಾಡಿದ್ರಾ? ಹಾಂ, ಈಗ ಹತ್ತಿರ ಬನ್ನಿ.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋಳು. ಪೇಪರು ಓದೋದಿಲ್ಲ, ಓದೋ ಅಗತ್ಯವೂ ಬಿದ್ದಿಲ್ಲ. ಶಿಕಾರಿಪುರದ ನಮ್ಮ ಬೀದಿಯಲ್ಲಿ ಏನಾದರೊಂದು ನಡೀತಾನೇ ಇರ್ತದೆ. ನಾನೇನು ಹುಡುಕಿಕೊಂಡು ಹೋಗಲ್ಲ. ಹಿತ್ತಲಲ್ಲಿ ಬಟ್ಟೆ ಒಣಗಹಾಕ್ತಾ ನಿಂತಿರ್ತೀನಿ, ಅದೇ ಬಂದು ಕಿವಿಗೆ ಬೀಳ್ತದೆ. ಒಂದೊಂದು ಸಲ ಮಾತು ಮುಗಿಯೋ ಹೊತ್ತಿಗೆ ಬಟ್ಟೆ ಒಣಗಿರ್ತವೆ. ಮತ್ತೆ ನೆನೆಸಿ ಹಾಕಬೇಕಾಗ್ತದೆ.

೧. ನಾಲ್ಕು ಥರದ ಚೆಂಡು

ಪಕ್ಕದ ಮನೆ ಯಜಮಾನರು ರಿಟೈರಾದ ಎಂಜಿನಿಯರು. ರಿಟೈರಾದೋರು ದೇವಸ್ಥಾನಕ್ಕೆ ಹೋಗ್ತಾರೆ, ಇಲ್ಲಾ ಸೊಸೈಟಿ ಎಲೆಕ್ಷನ್ನಿಗೆ ನಿಲ್ತಾರೆ. ಇವರಿಗೆ ಗಾಲ್ಫಿನ ಹುಚ್ಚು ಹಿಡೀತು. ಮೊಬೈಲಲ್ಲಿ ನೋಡಿ ನೋಡಿ ಕೋಲು ತರಿಸಿದರು. ಆಮೇಲೆ ಕೊರಿಯರಿನಲ್ಲಿ ನಾಲ್ಕು ಡಬ್ಬಿ ಚೆಂಡು ಬಂತು. ಯಾವ ಚೆಂಡು ಒಳ್ಳೇದು ಅಂತ ಪರೀಕ್ಷೆ ಮಾಡಬೇಕಂತೆ.

ಹಿತ್ತಲ ಕಟ್ಟೆ ಮೇಲೆ ಸಾಲಾಗಿ ಜೋಡಿಸಿ ಹೆಂಡತಿಗೆ ಪಾಠ ಶುರು ಮಾಡಿದರು. "ನೋಡೇ, ಇದು ಮೆತ್ತಂದು, ನಿಧಾನ ಬೀಸೋರಿಗೆ. ಇದು ಗಟ್ಟಿದು, ದೂರ ಓಡ್ತದೆ. ಹಳದಿದು ಹುಲ್ಲಲ್ಲಿ ಬಿದ್ರೂ ಕಾಣ್ತದೆ. ಇನ್ನು ಇದು ಅದೆಯಲ್ಲ, ಇದು ಎಲ್ಲಕ್ಕಿಂತ ದುಬಾರಿ. ಬಿದ್ದಲ್ಲೇ ನಿಲ್ತದೆ, ಒಂದಿಂಚೂ ಉರುಳಲ್ಲ."

"ಬಿದ್ದಲ್ಲೇ ನಿಲ್ಲೋಕೆ ಅಷ್ಟು ದುಡ್ಡು ಯಾಕ್ರೀ? ಸಗಣಿನೂ ಬಿದ್ದಲ್ಲೇ ನಿಲ್ತದೆ" ಅಂದಳು ಅವಳು.

ನಮ್ಮ ಮನೆಗಳ ಹಿಂದೆ ಖಾಲಿ ಸೈಟುಗಳಿವೆ. ಅಲ್ಲೊಂದು ತೆಂಗಿನ ಚಿಪ್ಪು ಹೂತು, ಅದೇ ಗುಂಡಿ ಅಂದರು. ಕನ್ನಡಕ ಜಾರ್ತದೆ ಅಂತ ತೆಗೆದಿಟ್ಟು, ಸೊಂಟ ತಿರುಗಿಸಿ ಬೀಸಿದರು ನೋಡಿ, ಗಾಳಿಗೆ ನನ್ನ ಸೀರೆ ಅಲ್ಲಾಡಿತು. ಚೆಂಡು ಅಲ್ಲಾಡಲಿಲ್ಲ. ಎರಡನೇದು ಇಟ್ಟರು, ಮೂರನೇದು ಇಟ್ಟರು, ನಾಲ್ಕನೇದೂ ಇಟ್ಟರು.

ಹೆಂಡತಿ ಒಳಗಿಂದಲೇ ಕೂಗಿದಳು: "ಸುಮ್ಮನೆ ನಾಲ್ಕು ಥರ ತರಿಸಿದ್ರಿ. ಎಲ್ಲಾವೂ ಬಿದ್ದಲ್ಲೇ ನಿಂತಾವೆ!"

೨. ನೀವು ಮೊದಲು

ಇವರ ಮಗನಿಗೆ ಸೊರಬದಲ್ಲಿ ಹೆಣ್ಣು ಗೊತ್ತಾಗಿತ್ತು. ನಿಶ್ಚಿತಾರ್ಥ ಮುಗಿದಿತ್ತು, ಲಗ್ನಪತ್ರಿಕೆ ಬರೆಸೋದೊಂದು ಬಾಕಿ. ಹುಡುಗಿ ಅಪ್ಪ ರಿಟೈರಾದ ದನದ ಡಾಕ್ಟ್ರು. ಪಾಪ, ಬಾಯಿತಪ್ಪಿ "ಸರ್ವೀಸಲ್ಲಿದ್ದಾಗ ನಾನೂ ಒಂಚೂರು ಗಾಲ್ಫ್ ಆಡ್ತಿದ್ದೆ" ಅಂದುಬಿಟ್ಟರು. ಎಂಜಿನಿಯರು ಬಿಡ್ತಾರಾ? ಭಾನುವಾರ ಬರಲೇಬೇಕು ಅಂತ ಕರೆಸಿದರು.

ಹೆಣ್ಣು ಕೊಡೋರು ಗಂಡಿನ ಅಪ್ಪನ್ನ ಸೋಲಿಸೋದುಂಟಾ? ಊಟಕ್ಕೆ ಕೂತಾಗ ಮೊದಲ ತುತ್ತು ಎತ್ತೋದಕ್ಕೇ ಹಿಂದೆ ಮುಂದೆ ನೋಡೋ ಜನ ನಾವು.

"ನೀವು ಮೊದಲು ಹೊಡೀರಿ ಬೀಗರೇ."

"ಛೆ ಛೆ, ನಿಮ್ಮ ಮುಂದೆ ನಾನಾ? ನೀವು ಮೊದಲು."

"ಹಿರೇರು ನೀವು."

"ಗಂಡಿನ ಕಡೆಯೋರು ನೀವು."

ನಾನು ಒಂದು ಮೊರ ಅಕ್ಕಿ ಆರಿಸಿ ಎದ್ದು ಬಂದರೂ ಯಾರೂ ಹೊಡೆದಿರಲಿಲ್ಲ. ಕೊನೆಗೆ ಬೀಗರು "ಒಳ್ಳೇ ಚೆಂಡು ನೀವಿಟ್ಟುಕೊಳ್ಳಿ, ನನಗೆ ಬೇಡದ್ದು ಕೊಡಿ" ಅಂತ ಗಟ್ಟಿ ಚೆಂಡು ತಗೊಂಡರು. ಸೋಲಲೇಬೇಕು ಅಂತ ಗುಂಡಿಗೆ ಬೆನ್ನು ಹಾಕಿ ನಿಂತು ಹೊಡೆದರು. ಎಮ್ಮೆ ಹಿಡಿದು ಪಳಗಿದ ಕೈ, ಕೇಳಬೇಕಾ? ಚೆಂಡು ಹೋಗಿ ಕರೆಂಟ್ ಕಂಬಕ್ಕೆ ಬಡಿದು, ತಿರುಗಿ ಬಂದು, ಚಿಪ್ಪಿನೊಳಗೆ ಟಣ್ ಅಂತ ಕೂತಿತು!

ಎಂಜಿನಿಯರ ಮುಖ ಹುಳಿ ಮಜ್ಜಿಗೆ ಆಯಿತು. "ಅದು ಚೆಂಡಿನ ಗುಣ. ಇತ್ತ ಕೊಡಿ ಅದನ್ನ" ಅಂತ ಕಸಿದುಕೊಂಡರು. ಬೀಗರು ಮೆತ್ತಂದು ತಗೊಂಡರು. ಅದರಲ್ಲೂ ಗೆದ್ದರು. ಅದನ್ನೂ ಕಸಿದುಕೊಂಡರು. ಕೊನೆಗೆ ಎಂಜಿನಿಯರು ಕೋಲು ಬಿಸಾಕಿ, "ನನಗೆ ಯಾವ ಚೆಂಡು ಹೊಂದ್ತದೆ ಅಂತ ಗೊತ್ತಾಗಿ, ನಾನು ಒಂದು ಸಲ ಗೆಲ್ಲೋವರೆಗೂ ಲಗ್ನಪತ್ರಿಕೆ ಮಾತು ಬೇಡ" ಅಂದುಬಿಟ್ಟರು.

ಸಾಯಂಕಾಲ ಸೊರಬದಿಂದ ಬೀಗಿತ್ತಿ ಫೋನು. "ನಮ್ಮೋರು ಗೆದ್ದುಬಿಟ್ರಂತೆ. ಬುದ್ಧಿ ಇಲ್ಲದೆ ಮಾಡಿದಾರೆ, ಹೊಟ್ಟೇಲಿ ಹಾಕ್ಕೊಳ್ರೀ."

೩. ಹಳದಿ ಚೆಂಡಿನ ರಸ

ದೃಷ್ಟಿ ಆಗಿರಬೇಕು ಅಂತ ಎಂಜಿನಿಯರಿಗೆ ಅನ್ನಿಸಿತು. ಹೊಸ ಗಾಡಿಗೆ ಮಾಡಿಸೋ ಹಾಗೆ ಕೋಲಿಗೂ ಚೆಂಡಿಗೂ ಪೂಜೆ ಇಟ್ಟರು. ಅರ್ಚಕರು ಸೈಟಿಗೇ ಬಂದು ಗಂಧ ಹಚ್ಚಿ, ಕುಂಕುಮ ಇಟ್ಟು, ಊದುಬತ್ತಿ ಬೆಳಗಿದರು. ಹಳದಿ ಚೆಂಡಿನ ಪಕ್ಕದಲ್ಲೇ ಒಂದು ನಿಂಬೆಹಣ್ಣೂ ಇಟ್ಟರು.

ಎಂಜಿನಿಯರು ಕನ್ನಡಕ ತೆಗೆದರು. ಗುರಿ ನೋಡಿದರು. ಬೀಸಿದರು. ಅವತ್ತು ಮೊದಲನೇ ಸಲ ಕೋಲಿಗೆ ಏನೋ ತಾಗಿತು. ಎದುರಿಗಿದ್ದ ಅರ್ಚಕರು "ಅಯ್ಯೋ ನನ್ನ ಕಣ್ಣು!" ಅಂತ ಕೂತುಬಿಟ್ಟರು. ಪುಣ್ಯಕ್ಕೆ ಬರೀ ಉರಿ, ತಂಬಿಗೆ ನೀರಲ್ಲಿ ತೊಳೆದ ಮೇಲೆ ಹೋಯಿತು.

ಎಂಜಿನಿಯರು ಮಾತ್ರ ಆಗಲೇ ಚೆಂಡು ಮಾರಿದೋರಿಗೆ ಫೋನು ಹಚ್ಚಿದ್ದರು. "ಎಂಥಾ ಮಾಲು ಕಳಿಸ್ತೀರ್ರೀ? ಒಂದೇ ಏಟಿಗೆ ಒಡೆದು ರಸ ಬಂತು! ಒಳಗೆ ಬೀಜ ಬೇರೆ!"

೪. ಕೋಳಿ ಬುಟ್ಟಿ

ದಿನ ಕಳೀತಾ ಬಂತು. ಎಂಜಿನಿಯರ ಹೆಂಡತಿ ಒಂದು ದಿನ ನಮ್ಮ ಹಿತ್ತಲಿಗೆ ಬಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ದೊಡ್ಡಮ್ಮ, ಹುಡುಗಿ ಬಂಗಾರದಂಥೋಳು. ಆಗಲೇ ಅವರ ಕಡೆ ಬೇರೆ ಗಂಡು ನೋಡೋಣ ಅಂತ ಮಾತು ಎದ್ದದಂತೆ. ಈ ಗುಂಡುಗಳ ದೆಸೆಯಿಂದ ನನ್ನ ಮಗನ ಮದುವೆ ಮುರಿದು ಬೀಳ್ತದೆ."

ಹಿಂದಿನ ಸೈಟಲ್ಲಿ ಆಗ, ಮತ್ತೆ ಕರೆಸಿಕೊಂಡಿದ್ದ ಬೀಗರ ಜೊತೆ ಆಟ ನಡೀತಿತ್ತು. ಕಸಿದುಕೊಂಡು ಕಸಿದುಕೊಂಡು ಬೀಗರ ಪಾಲಿಗೆ ಉಳಿದಿದ್ದು ಆ ದುಬಾರಿ ಚೆಂಡೊಂದೇ. ಅವರು ದೇವರನ್ನ ನೆನೆದು, ಇದು ಎಲ್ಲಾದರೂ ಹಾಳಾಗಿ ಹೋಗಲಿ ಅಂತ ನಮ್ಮ ಗೋಡೆ ಕಡೆಗೇ ಬೀಸಿದರು. ಚೆಂಡು ಗೋಡೆ ಹಾರಿ, ನಮ್ಮ ತಗಡಿಗೆ ಬಡಿದು, ಕಾವಿಗೆ ಕೂತಿದ್ದ ನನ್ನ ಕೋಳಿ ಬುಟ್ಟಿಯ ಹುಲ್ಲಿಗೆ ಬಿತ್ತು. ಕೋಳಿ ಒಂದು ಸಲ ಓರೆಗಣ್ಣಲ್ಲಿ ನೋಡಿತು. ಆಮೇಲೆ ಕೊಕ್ಕಲ್ಲಿ ಎಳಕೊಂಡು ಹೊಟ್ಟೆ ಕೆಳಗೆ ಹಾಕಿಕೊಂಡು ಕೂತಿತು.

ಬೀಗರು ಗೋಡೆ ಮೇಲಿಂದ ಇಣುಕಿದರು. ಕೋಳಿಯನ್ನ ನೋಡಿದರು, ನಮ್ಮಿಬ್ಬರನ್ನ ನೋಡಿದರು. ಬಾಯಿ ಮೇಲೆ ಬೆರಳಿಟ್ಟು ಕೈ ಮುಗಿದರು. ತಿರುಗಿ, "ಚೆಂಡು ಕಳೆದೇ ಹೋಯ್ತು ಬೀಗರೇ! ನಾನು ಸೋತೆ!" ಅಂತ ಕೂಗಿದರು. ಅಷ್ಟು ಖುಷಿಯಿಂದ ಸೋತ ಗಂಡಸನ್ನ ನಾನು ಕಂಡಿಲ್ಲ.

ಎಂಜಿನಿಯರು ಕೋಲು ಹಿಡಿದು ಕುಣಿದರು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ದೊಡ್ಡಮ್ಮ, ನಿಮ್ಮ ಕೋಳಿ ಮೇಲೆ ಆಣೆ. ಮದುವೆ ಮುಗಿಯೋವರೆಗೂ ಈ ಮಾತು ಹೊರಗೆ ಬೀಳಬಾರದು."

"ನನ್ನ ಬಾಯಿಂದಲಾ? ಶಿವ ಶಿವಾ!" ಅಂದೆ.

೫. ಲಗ್ನಪತ್ರಿಕೆ

ನಾನು ಹೇಳಿದ್ದು ಹೂವಿನೋಳಿಗೊಬ್ಬಳಿಗೇ. ಅದೂ ಆಣೆ ಹಾಕಿಸಿಕೊಂಡೇ. ಅವಳ ತಂಗಿಯನ್ನ ಸೊರಬದ ಹತ್ತಿರದ ಜಡೆ ಊರಿಗೆ ಕೊಟ್ಟಿರೋದು ನನಗೇನು ಗೊತ್ತು? ಗೊತ್ತಿತ್ತು, ಆ ಹೊತ್ತಿಗೆ ನೆನಪಿರಲಿಲ್ಲ.

ಲಗ್ನಪತ್ರಿಕೆ ದಿನ ಪಕ್ಕದ ಮನೆಯಲ್ಲಿ ಚಾಪೆ ಹಾಸಿ ಎರಡೂ ಕಡೆಯೋರು ಕೂತಿದ್ದರು. ಪುರೋಹಿತರು ಇನ್ನೇನು ಬರೀಬೇಕು, ಜಡೆಯಿಂದ ಬಂದಿದ್ದ ಹುಡುಗಿಯ ಸೋದರಮಾವ ಎಂಜಿನಿಯರನ್ನ ಕೇಳಿಯೇಬಿಟ್ಟ: "ಬೀಗರೇ, ಆ ನಿಮ್ಮ ಚೆಂಡಿಗೆ ಕಾವು ಕೂತಿತ್ತಲ್ಲ, ಆ ಕೋಳಿ ಯಾವುದು? ನೋಡಬಹುದಾ?"

ಬೀಗರು ಬೆವೆತರು. ಎಂಜಿನಿಯರ ಹೆಂಡತಿ ಕಂಬ ಹಿಡಿದುಕೊಂಡಳು.

ಎಂಜಿನಿಯರು ಎದ್ದರು. ರೇಷ್ಮೆ ಪಂಚೆ ಎತ್ತಿ ಕಟ್ಟಿ ಸೀದಾ ನಮ್ಮ ಹಿತ್ತಲಿಗೆ. ಹಿಂದೆ ಎರಡೂ ಕಡೆಯೋರು, ಅವರ ಹಿಂದೆ ಪುರೋಹಿತರು. ಬುಟ್ಟಿಗೆ ಕೈ ಹಾಕಿದರು. ಕೋಳಿ ಕುಕ್ಕಿತು. ಬಿಡದೆ ಚೆಂಡು ಈಚೆ ತೆಗೆದರು. ನಾನು ಕಣ್ಣು ಮುಚ್ಚಿಕೊಂಡೆ, ಒಂದು ಕಣ್ಣು ಬಿಟ್ಟುಕೊಂಡೇ.

"ದೊಡ್ಡಮ್ಮ, ಅವತ್ತು ಬಿದ್ದಿದ್ದು ಇಲ್ಲೇನಾ?"

"ಇಲ್ಲೇ ಕಣಪ್ಪಾ."

"ಅವತ್ತಿಂದ ಇಲ್ಲೇ ಅದೆಯಾ?"

"ಇಲ್ಲೇ ಅದೆ."

ಅವರ ಮುಖ ಬೆಳಗಿತು ನೋಡಿ! ಚೆಂಡು ಮೇಲೆತ್ತಿ ಹೆಂಡತಿ ಕಡೆ ತಿರುಗಿದರು. "ಸಗಣಿ ಅಂದ್ಯಲ್ಲೇ! ನೋಡು! ಬಿದ್ದಲ್ಲೇ ನಿಂತದೆ, ಒಂದಿಂಚೂ ಉರುಳಿಲ್ಲ! ಇದೇ ಕಣ್ರೀ ಒಳ್ಳೇ ಚೆಂಡು! ಪುರೋಹಿತರೇ, ಬರೀರಿ ಪತ್ರಿಕೆ!"

"ಆರಿಸಿದ್ದು ನೀವು ಬೀಗರೇ, ನಾನು ಬರೀ ಹೊಡೆದೆ" ಅಂದರು ಸೊರಬದೋರು, ಹೋದ ಜೀವ ಬಂದಂಗೆ.

ಊಟದ ಹೊತ್ತಿಗೆ ಎಂಜಿನಿಯರ ಹೆಂಡತಿ ಹೋಳಿಗೆ ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು. ನೋಡೋರಿಗೆ ಕಾಣಲಿ ಅಂತ ನಗು ನಗುತ್ತಾ ತುಪ್ಪ ಬಡಿಸಿದಳು. ಬಡಿಸ್ತಾ ನನ್ನ ಮುಖಕ್ಕೇ ಹೇಳಿದಳು:

"ದೊಡ್ಡಮ್ಮ, ನಿಮ್ಮ ಕೋಳಿ ಅದನ್ನ ಹೊಟ್ಟೇಲಿಟ್ಕೊಂಡು ಇಷ್ಟು ದಿನ ಸುಮ್ಮನೆ ಕೂತಿತ್ತು. ನಿಮ್ಮ ಕೈಲಿ ಅದೂ ಆಗಲಿಲ್ವಲ್ಲ!"