ಕಾಗೆಯ ವಿರುದ್ಧ ನನ್ನ ಪಾಠ

ನನ್ನ ಗಂಡ ಮಧ್ವೇಶರಾಯರು ಹೇಡಿ. ಅವರು ಬದುಕಿದ್ದಾಗಲೇ ಇದನ್ನು ಮುಖಕ್ಕೆ ಹೇಳಿದ್ದೇನೆ. ಈಗ ಬರೆಯಲು ಸಂಕೋಚವಿಲ್ಲ. ಹಾನಗಲ್ಲಿನ ಕೋರ್ಟಿನಲ್ಲಿ ಕಳ್ಳರ ಪರವಾಗಿ ಸಿಂಹದಂತೆ ಗರ್ಜಿಸುತ್ತಿದ್ದ ಈ ವಕೀಲರು, ಮನೆಯಲ್ಲಿ ತಾಯಿ ಗಂಗಾಬಾಯಿ ಕೆಮ್ಮಿದರೆ ತಾವು ಶಾಲು ಹೊದ್ದುಕೊಳ್ಳುತ್ತಿದ್ದರು.

ನಾನು ಪುಣೆಯಲ್ಲಿ ಬಿ.ಎ. ಮುಗಿಸಿದವಳು, ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಇಷ್ಟಾಗಿಯೂ ತಿಂಗಳಿಗೆ ಮೂರು ದಿನ ಹಿತ್ತಲ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ದೂರ ಕೂರುತ್ತಿದ್ದೆ. (ಅತ್ತೆಯೊಂದಿಗೆ ಜಗಳವಾಡಲು ಉಳಿದ ದಿನಗಳು ಧಾರಾಳವಾಗಿ ಇದ್ದವು.) ಮಗಳು ವಿಮಲಾ ಬಂದು, "ಅವ್ವ ಯಾಕ ದೂರ ಕೂತಾಳ?" ಎಂದರೆ ಅತ್ತೆ ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಹೇಳುವ ಉತ್ತರವನ್ನೇ ಹೇಳುತ್ತಿದ್ದರು:

"ನಿಮ್ಮವ್ವಗ ಕಾಗಿ ಮುಟ್ಟ್ಯದ. ನೀ ಮುಟ್ಟಬ್ಯಾಡ."

೧೯೩೮ರಲ್ಲಿ ವಿಮಲಾಗೆ ಹನ್ನೆರಡು ತುಂಬಿತು. ಆ ವಯಸ್ಸಿನಲ್ಲಿ ನನಗೆ ಯಾರೂ ಏನೂ ಹೇಳಿರಲಿಲ್ಲ. ಮೊದಲ ಸಲ ಮುಟ್ಟಾದಾಗ ಸಾಯುತ್ತೇನೆಂದು ತಿಳಿದು ದನದ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದೆ. ನನ್ನ ಮಗಳು ಹಾಗೆ ಹೆದರಬಾರದು, ಅಷ್ಟೇ ನನ್ನ ಹಟ.

"ಇವತ್ತ ವಿಮಲಾಗ ಎಲ್ಲಾ ಬಿಡಿಸಿ ಹೇಳೂಣು. ನೀವೂ ಕೂಡ್ರಿ," ಎಂದೆ ಗಂಡನಿಗೆ.

"ನನಗ ಕೋರ್ಟಿನ್ಯಾಗ ಕೆಲಸ ಅದ."

"ಇವತ್ತ ರವಿವಾರರೀ."

"ಅದಕ್ಕ ಅವಸರ. ಗದ್ದಲ ಇರೂದಿಲ್ಲ," ಎನ್ನುತ್ತ ರುಮಾಲು ಅರ್ಧ ಸುತ್ತಿಕೊಂಡೇ ಓಡಿದರು.

ವಿಜ್ಞಾನದ ಧ್ವಜವನ್ನು ನಾನೊಬ್ಬಳೇ ಹಿಡಿದೆ. ದಾಸವಾಳದ ಹೂವನ್ನು ಸೀಳಿ ಕೇಸರ, ಪರಾಗ ತೋರಿಸಿದೆ. ಅಲ್ಲಿಂದ ಕಪ್ಪೆಗೆ ಹೋದೆ, ಕಪ್ಪೆಯಿಂದ ಕೋಳಿಗೆ. (ವೈಷ್ಣವರ ನಡುಮನೆಯೊಳಗೆ ಕೋಳಿ ಬಂದದ್ದು ಅದೇ ಮೊದಲು.) ಕೊನೆಗೆ ಕರಿಹಲಗೆಯ ಮೇಲೆ ಗರ್ಭಾಶಯದ ಚಿತ್ರ ಬರೆದು ಮಾಸಿಕ ಸ್ರಾವದವರೆಗೆ ಎಲ್ಲವನ್ನೂ ವಿವರಿಸಿದೆ. ವಿಮಲಾ ಕಣ್ಣು ಮಿಟುಕಿಸದೆ ಕೇಳಿದಳು.

"ಅವ್ವಾ, ಇದು ಪರೀಕ್ಷಾಕ್ಕ ಬರ್ತದೇನು?"

ಸಿಟ್ಟಿನಲ್ಲಿ "ಹೂಂ, ಬರ್ತದ" ಎಂದುಬಿಟ್ಟೆ. ಅವಳು ಎಲ್ಲವನ್ನೂ ಬಾಯಿಪಾಠ ಮಾಡಿದಳು.

ಮರುವರ್ಷದ ಬೇಸಿಗೆಯಲ್ಲಿ ಒಂದು ದಿನ ಪರೀಕ್ಷೆ ನಡೆಸಲು ಹಿರೇಕೆರೂರಿಗೆ ಹೋಗಿದ್ದೆ. ಸಂಜೆ ಸರ್ವಿಸ್ ಮೋಟಾರು ಇಳಿದು ಮನೆಗೆ ಬಂದರೆ, ಅಂಗಳದಲ್ಲೇ ಅತ್ತೆ ಕಾದು ನಿಂತಿದ್ದರು.

"ನಿನ್ನ ಮಗಳು ದೊಡ್ಡಾಕಿ ಆಗ್ಯಾಳ ನೋಡವಾ. ಸಂಡಿಗಿ ಕಾಯಲಿಕ್ಕೆ ಮಾಳಗಿ ಹತ್ತಿದಾಕಿ ಮಧ್ಯಾಹ್ನದಿಂದ ಇಳೀವಲ್ಲಳು. ನಾ ಮಡಿಯೊಳಗ ಇದ್ದೀನಿ, ಹೆಂಗ ಮುಟ್ಲಿ?"

ನನ್ನ ಗಂಡ ನಿಚ್ಚಣಿಕೆಯ ಬುಡದಲ್ಲಿ ನಿಂತು, ಅದೇನೋ ಸಾಕ್ಷಿ ಹೇಳಲಿದೆ ಎಂಬಂತೆ ಮೊದಲ ಮೆಟ್ಟಿಲನ್ನೇ ದಿಟ್ಟಿಸುತ್ತಿದ್ದರು.

"ಅತ್ತ ಸರೀರಿ," ಎಂದು ನಾನೇ ಹತ್ತಿದೆ.

ಸಂಡಿಗೆಯ ಚಾಪೆಯ ಪಕ್ಕದಲ್ಲಿ, ಕಾಗೆ ಓಡಿಸುವ ಕೋಲನ್ನು ಹಿಡಿದು, ಮೊಣಕಾಲಲ್ಲಿ ಮುಖವಿಟ್ಟು ವಿಮಲಾ ಕೂತಿದ್ದಳು. ಅತ್ತತ್ತು ಕಣ್ಣು ಊದಿದ್ದವು.

"ನಂದ ತಪ್ಪು ಅವ್ವಾ. ಸಂಡಿಗಿ ಕಾಯೂದು ಬಿಟ್ಟು ಮಲಕೊಂಡೆ. ಆವಾಗ ಮುಟ್ಟಿ ಹೋಗ್ಯದ. ಎಲ್ಲೆ ಕುಕ್ಕೇದೋ ತಿಳೀವಲ್ದು, ರಕ್ತ ನಿಲ್ಲವಲ್ದು."

"ಯಾವದು ಮುಟ್ಟಿ ಹೋಗ್ಯದ?"

"ಕಾಗಿ."

"ಹುಚ್ಚಿ! ನಾ ನಿನಗ ಹೇಳಿಕೊಟ್ಟದ್ದೇನು?"

ಅವಳು ಬಿಕ್ಕುತ್ತಲೇ ಎದ್ದು ಕೈಕಟ್ಟಿ ನಿಂತಳು. (ಹಾಗೆ ನಿಲ್ಲಬೇಕೆಂದು ನಾನೇ ಕಲಿಸಿದ್ದೆ.) ದಾಸವಾಳದಿಂದ ಹಿಡಿದು ಮಾಸಿಕ ಸ್ರಾವದವರೆಗೆ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಬೇರೆ ಯಾವ ದಿನವಾದರೂ ನೂರಕ್ಕೆ ನೂರು ಕೊಡುತ್ತಿದ್ದೆ.

"ಮತ್ತ ಇದೇನು ಹಂಗಾದ್ರ?"

"ಅದು ಪಾಠ, ಅವ್ವಾ. ಇದು ಕಾಗಿ."

ಅವಳ ಕಣ್ಣೊರೆಸಲು ಕೈ ಚಾಚಿದೆ. ಅವಳು ಬೆಚ್ಚಿ ಹಿಂದೆ ಸರಿದಳು. "ಮುಟ್ಟಬ್ಯಾಡ! ನಿನಗೂ ಹತ್ತತದ."

ಕೆಳಗಿನಿಂದ ಅತ್ತೆ ಕೂಗಿದರು: "ಮುಟ್ಟೀಯವಾ, ಜ್ವಾಕಿ!"

ಬಿ.ಎ. ಪಾಸಾದ ನನ್ನ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಹಿಂದಕ್ಕೆ ಬಂದು ಸೆರಗನ್ನು ಸರಿಮಾಡಿತು. ಸೆರಗು ಸರಿಯಾಗಿಯೇ ಇತ್ತು. ದಾಸವಾಳದ ಪಾಠಕ್ಕೆ ನಾನು ಕೊಟ್ಟದ್ದು ಒಂದೇ ಒಂದು ರವಿವಾರ. ಹಿತ್ತಲಿನ ಚಾಪೆಯ ಮೇಲೆ ಬಾಯಿಮುಚ್ಚಿ ಕೂತು ಕಾಗೆಯ ಪಾಠವನ್ನು ಅವಳು ಹುಟ್ಟಿದಾಗಿನಿಂದ ಹೇಳಿಕೊಡುತ್ತ ಬಂದಿದ್ದೆ. ಮಗು ಹೆಚ್ಚು ದಿನ ಕಲಿತದ್ದನ್ನೇ ನಂಬಿತ್ತು.

ಅಷ್ಟರಲ್ಲಿ ನಿಚ್ಚಣಿಕೆ ಕಿರುಗುಟ್ಟಿತು. ಮೊದಲು ರುಮಾಲು ಕಂಡಿತು, ಆಮೇಲೆ ಕಿವಿಯವರೆಗೆ ಕೆಂಪಾದ ಮುಖ. ಮಧ್ವೇಶರಾಯರು ನನ್ನನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಅವಳ ಕೈಯೊಳಗಿನ ಕೋಲನ್ನು ತೆಗೆದು ಆಚೆ ಇಟ್ಟು, ಪಕ್ಕದಲ್ಲಿ ಕೂತು, ಅವಳ ತಲೆಯನ್ನು ಎಳೆದು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಆಮೇಲೆ ಕೆಳಗಿದ್ದ ತಾಯಿಗೆ ಕೇಳುವಂತೆ ಕೂಗಿದರು. ಆ ದನಿಯನ್ನು ಕೋರ್ಟಿನ ಹೊರಗೆ ನಾನು ಕೇಳಿದ್ದು ಅಂದೇ.

"ಅವ್ವಾ, ಊಟಕ್ಕ ಹಿತ್ತಲದಾಗ ಎರಡು ಎಲಿ ಹಾಕು. ನನಗೂ ಕಾಗಿ ಮುಟ್ಟ್ಯದ."