ಅಟ್ಟ ಹತ್ತಿದ ಗೌರಿ

ತಪ್ಪೆಲ್ಲ ಆ ಮೇಡಂ ವಿಚಾರಿಸಿದ ರೀತಿಯದು. ಮಾಯಸಂದ್ರದ ಕಡೆಯಿಂದ ಬಂದ ಬಸ್ಸಿಳಿದು, ಕೊಡೆ ಬಿಚ್ಚಿ, ನೇರವಾಗಿ ಶಂಭುಲಿಂಗಯ್ಯನ ಅಂಗಡಿಗೆ ಹೋಗಿ, "ಈ ಊರಲ್ಲಿ ಕಾಲು ಸರಿಯಿಲ್ಲದ ಮಗು ಯಾರ ಮನೇಲಿದೆ?" ಎಂದು ನಗುನಗುತ್ತಾ ಕೇಳಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಸರ್ಕಾರದವರು ಬಯ್ಯುತ್ತಾ ಬಂದರೆ ನಂಬಬಹುದು. ನಗುತ್ತಾ ಬಂದರೆ ಬಾಗಿಲು ಹಾಕಿಕೊಳ್ಳುವುದೇ ಲೇಸು. ಐದಾರು ವರ್ಷದ ಹಿಂದೆ ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿದೊಯ್ಯುವ ಜೀಪು ಬಂದಾಗಲೂ ಅದರಲ್ಲಿದ್ದವರು ಹೀಗೇ ನಕ್ಕಿದ್ದರು.

ಶಂಭುಲಿಂಗಯ್ಯ ಕೊಬ್ಬರಿ ವ್ಯಾಪಾರಿ. ತನ್ನ ಅಂಗಡಿಗಿಂತ ಪಕ್ಕದ ಮನೆಯ ವ್ಯವಹಾರವನ್ನೇ ಚೆನ್ನಾಗಿ ನಡೆಸುವವನು. ಮೇಡಮ್ಮಿಗೆ ಸೋಡಾ ಕೊಟ್ಟು ಕೂರಿಸಿ, ಹಿತ್ತಲ ದಾರಿಯಲ್ಲಿ ಬೋರಯ್ಯನ ಮನೆಗೆ ಓಡಿದ.

"ಲೇ ಬೋರಯ್ಯ, ಕೆಟ್ಟೆ ಕಣ್ಲಾ! ಸರ್ಕಾರದೋಳು ಬಂದವ್ಳೆ. ನಿನ್ ಮಗಳು ಗೌರಿನ ಕೇಳ್ತಾವ್ಳೆ."

"ಗೌರಿನ್ನ ಯಾಕಣ್ಣ?"

"ಗೌರಿ ಬರೀ ನೆಪ ಕಣ್ಲಾ! ಬಾವಿ ಕುಸಿದಾಗ ಬರದ ಸರ್ಕಾರ ನಿನ್ ಮಗಳ ಕಾಲು ನೋಡೋಕೆ ಬಂದದಾ? ಅವಳ ಕಣ್ಣೆಲ್ಲ ನಿನ್ ಅಟ್ಟದ ಮ್ಯಾಲೆ. ಅಕ್ಕಿಗೆ ಲೆವಿ ಹಾಕಿ ಸರ್ಕಾರದ ಪಾಲು ಅಂತ ಹೊತ್ಕೊಂಡು ಹೋದಂಗೆ ಕೊಬ್ಬರಿಗೂ ಹಾಕ್ತಾರಂತೆ."

ಬೋರಯ್ಯನ ಜೀವ ಬಾಯಿಗೆ ಬಂತು. ಅಟ್ಟದ ತುಂಬ ಕಾಯಿ ಹರಡಿ, ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲೆಂದು ಅವನು ವರ್ಷದಿಂದ ಕಾಯುತ್ತಿದ್ದ. ಅದನ್ನೆಲ್ಲ ಈಗ ಎಲ್ಲಿಗೆ ಸಾಗಿಸುವುದು? ಹೆಂಡತಿ ಬೇರೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಆದ್ದರಿಂದ ಅವನೇ ಯೋಚಿಸಿದ. ಕಾಯಿ ಬಚ್ಚಿಡಲು ಆಗದಿದ್ದರೆ ಮಗುವನ್ನೇ ಬಚ್ಚಿಟ್ಟರಾಯಿತು. ಮಗುವೇ ಇಲ್ಲದ ಮನೆಯಲ್ಲಿ ಮೇಡಮ್ಮಿಗೇನು ಕೆಲಸ?

ಒಂಬತ್ತು ವರ್ಷದ ಪುಟ್ಟಗೌರಿಗೆ ಮೂರನೇ ವರ್ಷದಲ್ಲಿ ಪೋಲಿಯೋ ಬಂದು ಎಡಗಾಲು ಸೋತಿತ್ತು. ಆ ಕೊರತೆಯನ್ನು ಕೈಗಳೂ ನಾಲಿಗೆಯೂ ಸೇರಿ ತುಂಬಿಕೊಟ್ಟಿದ್ದವು. ಸ್ಕೂಲಿಗೆ ಹೋಗಬೇಕೆಂಬುದು ಅವಳ ಒಂದೇ ಹಟ. ಬೋರಯ್ಯ ವರ್ಷಾವರ್ಷ ಅವಳನ್ನು ಹೆಗಲ ಮೇಲೆ ಹೊತ್ತು ಹೆಡ್‌ಮಾಸ್ಟರ್ ಗಂಗಾಧರಯ್ಯನವರ ಮುಂದೆ ನಿಂತು ಬೇಡುತ್ತಿದ್ದ. "ಕುಂಟು ಮಗು ಕಣಯ್ಯ, ಮೆಟ್ಟಿಲು ಹತ್ತಿಸೋರು ಯಾರು? ಬಿದ್ದರೆ ನನ್ನ ತಲೆಗೆ ಬರುತ್ತೆ" ಎಂದು ಅವರು ವರ್ಷಾವರ್ಷ ವಾಪಸು ಕಳಿಸುತ್ತಿದ್ದರು. ಮನೆಗೆ ಬರುವಾಗ ಮಗಳು ಹೆಗಲ ಮೇಲಿರುವುದೇ ಒಳ್ಳೆಯದಾಯಿತು, ಮುಖ ನೋಡುವುದು ತಪ್ಪಿತು ಅಂದುಕೊಳ್ಳುತ್ತಿದ್ದ ಬೋರಯ್ಯ. ಅಷ್ಟು ಸಂಕಟವಾಗುತ್ತಿತ್ತು ಅವನಿಗೆ.

"ಯಾಕಪ್ಪ ಅಟ್ಟಕ್ಕೆ ಹತ್ತುಸ್ತೀಯ?"

"ಸುಮ್ಕಿರವ್ವ. ಯಾರಾದ್ರೂ ಕೇಳಿದ್ರೆ ನನ್ ಕಾಲು ಗಟ್ಟಿ ಅದೆ ಅನ್ನು."

ಅವನು ಏಣಿ ತೆಗೆದು ಹಿತ್ತಲಿಗೆ ಎಸೆಯುವಷ್ಟರಲ್ಲಿ ಮೇಡಂ ಜಗಲಿಗೆ ಬಂದೇಬಿಟ್ಟರು. ಹಿಂದೆ ಅರ್ಧ ಊರಿತ್ತು.

"ನಾನು ವಿಮಲಮ್ಮ, ತುಮಕೂರಿಂದ ಬಂದಿದೀನಿ. ನಿಮ್ಮ ಮಗಳನ್ನ ನೋಡಬೇಕಿತ್ತು."

"ನಮಗೆ ಮಕ್ಕಳೇ ಇಲ್ಲ ಕಣ್ರವ್ವ."

"ಹಗ್ಗದ ಮೇಲೆ ಚಿಕ್ಕ ಲಂಗ ಒಣಗ್ತಿದೆಯಲ್ಲ?"

"ನಮ್ಮ ಹೆಂಗಸ್ರುದು. ವಸಿ ಗಿಡ್ಡಕವ್ಳೆ."

ಆಗ ಅಟ್ಟದ ಮೇಲೆ ಕಾಯಿಗಳು ಗುಡುಗುಡು ಉರುಳಿದವು.

"ಇಲಿ," ಎಂದ ಬೋರಯ್ಯ.

ಇಲಿ ಕೆಮ್ಮಿತು. ಆಮೇಲೆ ಸೀನಿತು. ಕೊನೆಗೆ "ಅಪ್ಪಾ, ಧೂಳು!" ಎಂದೂ ಹೇಳಿತು.

ವಿಮಲಮ್ಮನ ನಗು ಮಾಯವಾಯಿತು. ಹಿಂದಿನ ವಾರವಷ್ಟೇ ಯಾವನೋ ಒಬ್ಬ ಸಹಾಯಧನದ ಆಸೆಗೆ ಮಗನ ಒಳ್ಳೇ ಕಾಲಿಗೆ ಪಟ್ಟಿ ಸುತ್ತಿ ಅವರಿಗೆ ಟೋಪಿ ಹಾಕಿದ್ದ. ಅಂದಿನಿಂದ ಅವರೂ ಯಾರನ್ನೂ ನಂಬುತ್ತಿರಲಿಲ್ಲ.

"ಮಗು ಅಟ್ಟದ ಮೇಲೆ ಯಾಕಿದೆ?"

ಕೊಬ್ಬರಿಯ ಮಾತು ಹೊರಗೆ ಬಂದೀತೆಂದು ಶಂಭುಲಿಂಗಯ್ಯ ನಡುವೆ ನುಗ್ಗಿದ. "ಆಟಕ್ಕೆ ಮೇಡಂ! ದಿನಾ ತಾನೇ ಹತ್ತಿ ತಾನೇ ಇಳೀತದೆ."

"ಏಣಿ ಎಲ್ಲಿ?"

"ಏಣಿ ಯಾಕ್ರವ್ವ, ಅದು ಕೋತಿಮರಿ!" ಎಂದಳು ಪಕ್ಕದ ಮನೆಯ ಭೂತಮ್ಮ.

ಗೌರಿಗೆ ಹೊಗಳಿಕೆ ಎಂದರೆ ಪ್ರಾಣ. ಕಾಯಿ ಕುಕ್ಕೆ ಎಳೆಯುವ ಹಗ್ಗ ಹಿಡಿದು, ಎರಡೇ ಕೈಯಲ್ಲಿ ಸರಸರನೆ ಇಳಿದು, ಲಂಗ ಹರಡಿಕೊಂಡು ನೆಲದ ಮೇಲೆ ಕೂತಳು.

"ಕಾಲು ಹೇಗಿದೆಯಮ್ಮ?"

"ಗಟ್ಟಿ ಅದೆ," ಎಂದಳು, ಅಪ್ಪ ಹೇಳಿಕೊಟ್ಟಂತೆಯೇ.

ಶಂಭುಲಿಂಗಯ್ಯನೂ ಭೂತಮ್ಮನೂ ಹೌದು ಹೌದೆಂದರು. ವಿಮಲಮ್ಮ 'ಮಗುವಿಗೆ ಯಾವ ಊನವೂ ಇಲ್ಲ' ಎಂದು ಬರೆದು, ಸಾಕ್ಷಿಗೆ ಪಂಚರೆಂದು ಶಂಭುಲಿಂಗಯ್ಯನ ರುಜು, ಭೂತಮ್ಮನ ಹೆಬ್ಬೆಟ್ಟು ತೆಗೆದುಕೊಂಡು ಬ್ಯಾಗಿನ ಜಿಪ್ಪು ಎಳೆದರು.

"ನನಗೆ ಯಾರೋ ತಪ್ಪು ಹೇಳಿದಾರೆ. ಅಂಥ ಮಗು ಇದ್ದಿದ್ರೆ ಮಾಮೂಲಿ ಸ್ಕೂಲಿಗೇ ಸೇರಿಸಿ, ಪುಸ್ತಕ, ಕಾಲಿಗೆ ಆಸರೆ ಕೊಡೋ ಕಬ್ಬಿಣದ ಕ್ಯಾಲಿಪರ್, ಎಲ್ಲ ಕೊಡಿಸಿ ಹೋಗ್ತಿದ್ದೆ. ಮೆಟ್ಟಿಲು ಹತ್ತೋಕಾಗಲ್ಲ ಅಂತ ಮೇಷ್ಟ್ರು ವಾಪಸ್ ಕಳಿಸೋ ಹಾಗಿಲ್ಲ. ಓದೋದು ಎಲ್ಲ ಮಕ್ಕಳ ಹಕ್ಕು, ಯಾರ ದಯೆಯೂ ಬೇಕಿಲ್ಲ."

ಬೋರಯ್ಯ ಮೇಡಮ್ಮಿಗೆ ಅಡ್ಡ ನಿಂತ. ಇಷ್ಟು ವರ್ಷ ಕೈಮುಗಿದು ಬೇಡಿದ್ದು ತಾನಾಗಿ ಮನೆ ಬಾಗಿಲಿಗೆ ಬಂದು ನಿಂತಿದೆ!

"ಕುಂಟಿ! ಮೇಡಂ, ನನ್ ಮಗಳು ಕುಂಟಿ!" ಎಂದು ಲಾಟರಿ ಹೊಡೆದವನಂತೆ ಕೂಗಿದ. "ಸತ್ಯವಾಗ್ಲೂ ಕುಂಟಿ!"

ವಿಮಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲು ಮಗುವೇ ಇಲ್ಲ ಅಂದ್ರಿ. ಆಮೇಲೆ ಕಾಲು ಗಟ್ಟಿ ಅಂದ್ರಿ. ಸೌಲಭ್ಯ ಅಂದ ಕೂಡಲೇ ಕುಂಟಿ ಆಗಿಬಿಟ್ಳಾ?"

"ಕಾಲು ನೋಡಿ ಮೇಡಂ!"

ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. "ಪಂಚರು ರುಜು ಹಾಕಿಯಾಯ್ತು. ಡಾಕ್ಟರ ಹತ್ತಿರ ಬರೆಸಿಕೊಂಡು ತುಮಕೂರಿಗೆ ಬನ್ನಿ," ಎಂದವರೇ ಕೊಡೆ ಮಡಿಸಿಕೊಂಡು ಓಡಿದರು. ಅಟ್ಟದ ಕಡೆ ತಿರುಗಿಯೂ ನೋಡಲಿಲ್ಲ.

ಬೋರಯ್ಯ ತಲೆ ಮೇಲೆ ಕೈ ಹೊತ್ತು ಕೂತ. ಆಗ ಗೌರಿ ಅವನ ಪಂಚೆ ಜಗ್ಗಿದಳು. "ಅಪ್ಪ, ನನ್ ಕಾಲು ಗಟ್ಟಿ ಅಂತ ಸರ್ಕಾರವೇ ಬರಕೊಂಡು ಹೋಯ್ತಲ್ಲ. ಇನ್ ಮೇಷ್ಟ್ರು ಹೆಂಗ್ ಬ್ಯಾಡ ಅಂತಾರೆ?"

ಈ ಬುದ್ಧಿ ತನಗೇಕೆ ಹೊಳೆಯಲಿಲ್ಲವೋ! ಬೋರಯ್ಯ ಮಗಳನ್ನು ಹೆಗಲಿಗೇರಿಸಿಕೊಂಡು, ಶಂಭುಲಿಂಗಯ್ಯನನ್ನೂ ಎಳೆದುಕೊಂಡು ಸ್ಕೂಲಿಗೆ ಹೋದ.

ಗಂಗಾಧರಯ್ಯ ಎಲ್ಲ ಕೇಳಿ ಕನ್ನಡಕದ ಮೇಲಿಂದ ನೋಡಿದರು. "ಯಾಕೋ ಅನುಮಾನ ಕಣಯ್ಯ. ಇವಳ ಕಾಲು ಗಟ್ಟಿ ಅಂತ ಬರೆದರಾ?"

"ನಾನೇ ಪಂಚ ಮೇಷ್ಟ್ರೇ," ಎಂದು ಶಂಭುಲಿಂಗಯ್ಯ ಎದೆಯುಬ್ಬಿಸಿದ.

"ಹಾಗಾದ್ರೆ ಇಳಿಸು. ಹತ್ತಲಿ."

ಗೌರಿ ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತು, ಅಂಗೈ ಊರಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲೇರಿದಳು. ಯಾರೂ ಕೈ ಕೊಡಬೇಕಾಗಲಿಲ್ಲ. ತೆವಳಿಕೊಂಡು ಒಳಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತು, ಪಕ್ಕದವಳ ಸ್ಲೇಟು ಕಸಿದುಕೊಂಡಳು. ಬೋರಯ್ಯನ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ಅವನಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ.

"ಬತ್ತೀನಿ ಮೇಷ್ಟ್ರೇ."

"ನಿಲ್ಲಯ್ಯ," ಎಂದರು ಗಂಗಾಧರಯ್ಯ. "ಕಾಲು ಗಟ್ಟಿ ಇರೋ ಮಗೂನ ಮೂರು ವರ್ಷ ಸ್ಕೂಲಿಗೆ ಕಳಿಸದೆ ಮನೇಲಿ ಇಟ್ಕೊಂಡಿದ್ದೀಯ. ಕಡ್ಡಾಯ ಶಿಕ್ಷಣದ ಕಾನೂನು ಗೊತ್ತೇನು? ತಂದೆ ಮೇಲೆ ಕೇಸಾಗುತ್ತೆ."

"ನೀವೇ ಬ್ಯಾಡ ಅಂದ್ರಲ್ಲ ಮೇಷ್ಟ್ರೇ!"

"ನಾನು ಬೇಡ ಅಂದಿದ್ದು ಕುಂಟು ಮಗೂನ. ಅಂಥ ಮಗೂನ ಕಳಿಸದಿದ್ರೂ ತಂದೆಗೆ ಕಾನೂನಲ್ಲೇ ವಿನಾಯಿತಿ ಇದೆ. ಇವಳು ಕುಂಟಿ ಅಲ್ವಲ್ಲ!"

ಹಿಂದಿನಿಂದ ಶಂಭುಲಿಂಗಯ್ಯ ಬೋರಯ್ಯನ ಹೆಗಲು ತಟ್ಟಿದ.

"ಹೆದರಬ್ಯಾಡ ಬುಡ್ಲಾ, ನಾನಿಲ್ವಾ? ನಿನ್ ಮಗಳ ಕಾಲು ಗಟ್ಟಿ ಅದೆ ಅಂತ ಯಾವ ಕೋರ್ಟಲ್ಲಿ ಬೇಕಾದ್ರೂ ಬಂದು ಸಾಕ್ಷಿ ಹೇಳ್ತೀನಿ."